ತುದಿ ನಲ್ಲಿಯಲ್ಲಿ ಕ್ಲೋರೋಫಾರ್ಮ್: ವರದಿ ಕೈಗೆ ಬಂದ ಮೇಲೆ ಎಲ್ಲಿಂದ ಹುಡುಕಬೇಕು

ಏಪ್ರಿಲ್ ಮೊದಲ ವಾರ. ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಒಂದು ಸಾಲಿಗೆ ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು: ಕ್ಲೋರೋಫಾರ್ಮ್, ಲೀಟರಿಗೆ 0.23 ಮಿಲಿಗ್ರಾಂ. ಭಾರತೀಯ ಮಾನದಂಡ ಐಎಸ್ 10500ರ ಮಿತಿ 0.2. ಮಾದರಿ ತೆಗೆದ ಜಾಗ ಊರಿನ ಕೊನೆಯ ಬಡಾವಣೆಯ ಬೀದಿ ನಲ್ಲಿ. ಅರ್ಧ ಗಂಟೆಯಲ್ಲಿ ಮೇಲಿನಿಂದ ಫೋನ್ ಬಂತು: "ಕ್ಲೋರಿನ್ ಅರ್ಧಕ್ಕೆ ಇಳಿಸಿಬಿಡಿ."

ಇಳಿಸಲಿಲ್ಲ. ಅದೇ ವಾರದ ರಿಜಿಸ್ಟರಿನಲ್ಲಿ ಅದೇ ನಲ್ಲಿಯ ಉಳಿಕೆ ಕ್ಲೋರಿನ್, ಅಂದರೆ ಖರ್ಚಾಗದೆ ನೀರಿನಲ್ಲಿ ಮಿಕ್ಕ ಕ್ಲೋರಿನ್, 0.1 ಎಂದು ಬರೆದಿತ್ತು. ಇರಬೇಕಾದ್ದು ಕನಿಷ್ಠ 0.2. ಅಂದರೆ ಒಂದೇ ನಲ್ಲಿಯಲ್ಲಿ ಕ್ಲೋರಿನ್ ಕಡಿಮೆ, ಕ್ಲೋರಿನ್ನಿನಿಂದ ಹುಟ್ಟುವ ಕಸ ಹೆಚ್ಚು. ಮೇಲುನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ನೀರಿನ ಕೆಲಸದಲ್ಲಿ ಕೂದಲು ನರೆತವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಹಾಕಿದ ಕ್ಲೋರಿನ್ ಕ್ರಿಮಿ ಕೊಲ್ಲುವ ಬದಲು ದಾರಿಯಲ್ಲಿ ಬೇರೆ ಯಾವುದಕ್ಕೋ ಖರ್ಚಾಗಿದೆ. ಖರ್ಚಾದ ಜಾಗ ಸಿಕ್ಕರೆ ದೋಷ ಸಿಕ್ಕಂತೆ. ಈ ಬರಹವೆಲ್ಲ ಆ ಖರ್ಚಿನ ಲೆಕ್ಕ ಹುಡುಕುವುದರ ಬಗ್ಗೆಯೇ.

ಹಿನ್ನೆಲೆ ಎರಡು ಮಾತಿನಲ್ಲಿ. ಕೆರೆ, ನದಿಯ ನೀರಿನಲ್ಲಿ ಕೊಳೆತ ಎಲೆ, ಪಾಚಿ, ಮಣ್ಣಿನ ಸಾರ ಕರಗಿರುತ್ತದೆ. ಇದನ್ನೇ ಸಾವಯವ ಪದಾರ್ಥ ಎನ್ನುವುದು. ಕ್ಲೋರಿನ್ ಇದರೊಂದಿಗೆ ಕೂಡಿದಾಗ ಟ್ರೈಹ್ಯಾಲೋಮೀಥೇನ್, ಅಂದರೆ ಟಿಎಚ್‌ಎಂ ಗುಂಪಿನ ನಾಲ್ಕು ವಸ್ತುಗಳು ಹುಟ್ಟುತ್ತವೆ, ಕ್ಲೋರೋಫಾರ್ಮ್ ಅವುಗಳಲ್ಲೊಂದು. ಹ್ಯಾಲೋಅಸಿಟಿಕ್ ಆಮ್ಲಗಳೂ ಇನ್ನೂ ಎಷ್ಟೋ ಸಂಯುಕ್ತಗಳೂ ಜೊತೆಗೇ ಹುಟ್ಟುತ್ತವೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಟಿಎಚ್‌ಎಂ ಹುಟ್ಟುತ್ತದೆ ಎಂದು 1974ರಲ್ಲಿ ತೋರಿಸಿದವರು ನೆದರ್‌ಲೆಂಡ್ಸಿನ ರಾಟರ್‌ಡ್ಯಾಂ ನೀರು ಸರಬರಾಜಿನ ರಸಾಯನಶಾಸ್ತ್ರಜ್ಞ ಯೊಹಾನೆಸ್ ರೂಕ್. ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರ್ ಅಪಾಯ ಹೆಚ್ಚಬಹುದು ಎಂಬ ಎಚ್ಚರಿಕೆಯಿಂದ ಮಿತಿ ಹಾಕಿದ್ದಾರೆ. ವಾಂತಿಭೇದಿಯಂತೆ ನಾಳೆ ಬೆಳಿಗ್ಗೆಗೆ ಆಸ್ಪತ್ರೆ ತುಂಬಿಸುವ ಅಪಾಯ ಇದಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ: ಇಂಥ ಉಪೋತ್ಪನ್ನ ತಗ್ಗಿಸುವ ಭರದಲ್ಲಿ ಸೋಂಕು ನಿವಾರಣೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಮೇಲಿನಿಂದ ಫೋನ್ ಬಂದಾಗ ಈ ಮಾತು ನೆನಪಿಗೆ ಬರಬೇಕು.

ನಮ್ಮದು ಕಾಲುವೆ ನೀರು ನಂಬಿದ ಊರು. ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಪಟ್ಟಣಗಳಂತೆ ಕಾಲುವೆಯಲ್ಲಿ ನೀರಿದ್ದಾಗ ಕೆರೆ ತುಂಬಿಸಿಕೊಂಡು, ಕಾಲುವೆ ಬಂದಾದ ಮೇಲೆ ಆ ಕೆರೆಯ ನೀರಲ್ಲೇ ಬೇಸಿಗೆ ದಾಟಿಸುವುದು. ಏಪ್ರಿಲ್ ಹೊತ್ತಿಗೆ ಕೆರೆ ಅರ್ಧಕ್ಕಿಳಿದು ನೀರು ಹಸಿರಾಗಿರುತ್ತದೆ.

ಮೊದಲು ಬಾಟಲಿಯ ಮೇಲೆ ಅನುಮಾನ

ನೀರು ಶುದ್ಧೀಕರಣ ಘಟಕಕ್ಕೆ ಓಡುವ ಮೊದಲು ಮಾದರಿ ತೆಗೆದವರನ್ನು ಕರೆದು ಕೂರಿಸಿ. "ಹೇಗೆ ತೆಗೆದಿರಿ, ಮಾಡಿ ತೋರಿಸಿ" ಎನ್ನಿ. ಬಾಯಲ್ಲಿ ಕೇಳಿದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ನಮ್ಮ ಹುಡುಗ ನಲ್ಲಿ ತಿರುಗಿಸಿದ, ಎರಡು ನಿಮಿಷ ನೀರು ಬಿಟ್ಟ, ಚಿಕ್ಕ ಗಾಜಿನ ಬಾಟಲಿಯ ಮುಚ್ಚಳ ತೆಗೆದ, ಅದಕ್ಕೆ ನೀರು ಹಿಡಿದು ಕುಲುಕಿ ಚೆಲ್ಲಿದ. ಮೂರು ಸಲ. ಕೊನೆಗೆ ತುಂಬಿಸಿದ. ಅಚ್ಚುಕಟ್ಟಾದ ಹುಡುಗ. ಬಾಟಲಿ ತೊಳೆದೇ ಮಾದರಿ ತೆಗೆಯಬೇಕು ಎಂದು ಅವನಿಗೆ ಕಲಿಸಿದವರೂ ನಾವೇ.

ತಪ್ಪಾದದ್ದು ಅಲ್ಲೇ. ಟಿಎಚ್‌ಎಂ ಬಾಟಲಿಯೊಳಗೆ ಪ್ರಯೋಗಾಲಯದವರು ಚಿಟಿಕೆಗಿಂತಲೂ ಕಡಿಮೆ ಸೋಡಿಯಂ ಥಯೋಸಲ್ಫೇಟ್ ಅಥವಾ ಆಸ್ಕಾರ್ಬಿಕ್ ಆಮ್ಲ ಹಾಕಿ ಕೊಟ್ಟಿರುತ್ತಾರೆ. ನೀರು ಬಿದ್ದ ಕ್ಷಣವೇ ಅದು ಉಳಿಕೆ ಕ್ಲೋರಿನ್ನನ್ನು ಕೊಂದು ಕ್ರಿಯೆಯನ್ನು ನಿಲ್ಲಿಸಬೇಕು. ಬಾಟಲಿ ತೊಳೆದರೆ ಅದು ಚರಂಡಿ ಪಾಲು. ಆಮೇಲೆ ಕ್ಲೋರಿನ್ ಬಾಟಲಿಯೊಳಗೇ ತನ್ನ ಕೆಲಸ ಮುಂದುವರಿಸುತ್ತದೆ. ಬಸ್ಸಿನಲ್ಲಿ ಕಳಿಸಿದ ಡಬ್ಬಿ, ಪ್ರಯೋಗಾಲಯದ ಸರದಿ, ನಡುವೆ ಒಂದು ಭಾನುವಾರ. ಐದು ದಿನ ಬಿಟ್ಟು ಯಂತ್ರಕ್ಕೆ ಹಾಕಿದಾಗ ಬರುವುದು ನಲ್ಲಿಯ ನೀರಿನ ಅಂಕಿಯಲ್ಲ, ಐದು ದಿನ ಬಾಟಲಿಯಲ್ಲಿ ಕೂತ ನೀರಿನದ್ದು.

ಈ ತಪ್ಪು ಎಲ್ಲ ಮಾದರಿಯನ್ನೂ ಒಂದೇ ರೀತಿ ಕೆಡಿಸುವುದಿಲ್ಲ ಎಂಬುದನ್ನು ಗಮನಿಸಿ. ತುದಿ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ 0.1 ಮಾತ್ರ ಇದ್ದಾಗ ಬಾಟಲಿಯೊಳಗೆ ಹೊಸದಾಗಿ ಹುಟ್ಟಿಸಲು ಕ್ಲೋರಿನ್ನೇ ಇಲ್ಲ. ಘಟಕದ ಶುದ್ಧ ನೀರಿನ ಸಂಪಿನ ಮಾದರಿಯಲ್ಲಿ 1.2 ಇತ್ತು. ಅದು ಬಾಟಲಿಯಲ್ಲಿ ಬೇಕಾದಷ್ಟು ಕೆಲಸ ಮಾಡಿತು. ಮೊದಲ ವರದಿಯಲ್ಲಿ ಸಂಪಿನದ್ದು 0.19, ತುದಿಯದ್ದು 0.23. ಇದನ್ನು ನಂಬಿದ್ದರೆ "ಎಲ್ಲವೂ ಘಟಕದಲ್ಲೇ ಹುಟ್ಟುತ್ತಿದೆ, ಪೈಪಿನಲ್ಲಿ ಏನೂ ತೊಂದರೆ ಇಲ್ಲ" ಎಂದು ತೀರ್ಮಾನಿಸುತ್ತಿದ್ದೆವು. ಬಾಟಲಿ ತೊಳೆಯದೆ ಮತ್ತೆ ತೆಗೆದಾಗ ಸಂಪಿನದ್ದು 0.13ಕ್ಕೆ ಬಂತು, ತುದಿಯದ್ದು 0.22ರಲ್ಲೇ ನಿಂತಿತು. ಕಥೆಯೇ ಬದಲಾಯಿತು.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಕ್ಲೋರೋಫಾರ್ಮ್ ಗಾಳಿಗೆ ಹಾರಿಹೋಗುವ ಪದಾರ್ಥ. ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ಉಳಿದರೆ ಅದು ನೀರು ಬಿಟ್ಟು ಆ ಗಾಳಿಗೆ ಸೇರಿಕೊಳ್ಳುತ್ತದೆ, ವರದಿಯ ಅಂಕಿ ಇಳಿಯುತ್ತದೆ. ಬಾಟಲಿಯನ್ನು ಓರೆ ಹಿಡಿದು, ನೀರು ಗೋಡೆಯ ಮೇಲೆ ಸದ್ದಿಲ್ಲದೆ ಜಾರುವಂತೆ ತುಂಬಿಸಬೇಕು. ಬಾಯಲ್ಲಿ ನೀರು ಗುಮ್ಮಟದಂತೆ ಉಬ್ಬಿ ನಿಂತಾಗ, ತುಂಬಿ ಹರಿಯಲು ಬಿಡದೆ, ಮುಚ್ಚಳ ತಿರುಗಿಸಬೇಕು. ಆಮೇಲೆ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೇರಿದರೆ ಆ ಬಾಟಲಿ ಬಿಡಿ, ಬೇರೆಯದು ತೆಗೆದುಕೊಳ್ಳಿ. ಐಸ್ ಹಾಕಿದ ಡಬ್ಬಿಯಲ್ಲಿ ಕಳಿಸಿ, 14 ದಿನದೊಳಗೆ ಪರೀಕ್ಷೆಯಾಗಲಿ. ಹ್ಯಾಲೋಅಸಿಟಿಕ್ ಆಮ್ಲಕ್ಕೆ ಬೇರೆ ಬಾಟಲಿ ಬೇಕು, ಅದರಲ್ಲಿ ಅಮೋನಿಯಂ ಕ್ಲೋರೈಡ್ ಇರುತ್ತದೆ. ಎರಡನ್ನೂ ಅದಲುಬದಲು ಮಾಡಬೇಡಿ.

ಯಾವ ನಲ್ಲಿಯಿಂದ ಎಂಬುದೂ ಮುಖ್ಯ. ಮನೆಯ ಅಡುಗೆಮನೆ ನಲ್ಲಿಯಿಂದ ತೆಗೆದರೆ ಅದು ಬಹುಪಾಲು ಸಂಪು ದಾಟಿ, ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಬಿಸಿಲು ಕಾಯಿಸಿಕೊಂಡು ಬಂದ ನೀರು. ಅಲ್ಲಿನ ಅಂಕಿ ಆ ಮನೆಯ ಟ್ಯಾಂಕಿನ ಸುದ್ದಿ ಹೇಳುತ್ತದೆ. ನಮಗೆ ಬೇಕಾದದ್ದು ಕೊಳವೆಗೆ ನೇರ ಜೋಡಣೆಯಿರುವ ನಲ್ಲಿ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಬಿಟ್ಟ ಮೊದಲ ಐದು ನಿಮಿಷದ್ದು ಕೊಳವೆಯಲ್ಲಿ ಕೂತಿದ್ದ ನೀರು. ಅದನ್ನು ಬೇಕೆಂದೇ ತೆಗೆಯುವುದಾದರೆ ತೆಗೆಯಿರಿ, ಗೊತ್ತಿಲ್ಲದೆ ತೆಗೆಯಬೇಡಿ.

ನಾಲ್ಕು ಹೆಸರನ್ನು ಓದುವ ಬಗೆ

ವರದಿಯಲ್ಲಿ ಕೆಂಪು ಸುತ್ತಿನ ಸಾಲನ್ನಷ್ಟೇ ನೋಡಬೇಡಿ. ನಾಲ್ಕು ಹೆಸರಿರುತ್ತವೆ: ಕ್ಲೋರೋಫಾರ್ಮ್, ಬ್ರೋಮೋಡೈಕ್ಲೋರೋಮೀಥೇನ್, ಡೈಬ್ರೋಮೋಕ್ಲೋರೋಮೀಥೇನ್, ಬ್ರೋಮೋಫಾರ್ಮ್. ನಮ್ಮ ಮಾನದಂಡದಲ್ಲಿ ಇವುಗಳ ಮಿತಿ ಕ್ರಮವಾಗಿ 0.2, 0.06, 0.1, 0.1 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲ ಎಂಬ ಕಾರಣಕ್ಕೆ ಇವುಗಳಿಗೆ ವಿನಾಯಿತಿಯೂ ಇಲ್ಲ.

ಕ್ಲೋರೋಫಾರ್ಮ್ ಒಂದೇ ಎದ್ದು ಕಾಣುತ್ತಿದ್ದರೆ ಮೂಲ ಬಹುತೇಕ ಕೆರೆ, ನದಿಯ ಸಾವಯವ ಪದಾರ್ಥ. ಹೆಸರಿನಲ್ಲಿ 'ಬ್ರೋಮೋ' ಇರುವವು ದಿಢೀರನೆ ಏರಿದ್ದರೆ ನೀರಿಗೆ ಬ್ರೋಮೈಡ್ ಸೇರಿದೆ ಎಂದರ್ಥ. ಕರಾವಳಿಯಲ್ಲಿ ಬೇಸಿಗೆಗೆ ಉಪ್ಪು ನೀರು ನದಿಯೊಳಗೆ ನುಗ್ಗಿದರೆ ಹೀಗಾಗುತ್ತದೆ. ಬಯಲುಸೀಮೆಯಲ್ಲಿ ಕೊರತೆ ತುಂಬಿಸಲು ಸವಳು ಬೋರ್‌ವೆಲ್ ನೀರನ್ನು ಬೆರೆಸಿದರೂ ಹೀಗಾಗುತ್ತದೆ. ಬೆರೆಸಿದ್ದನ್ನು ಯಾರೂ ರಿಜಿಸ್ಟರಿನಲ್ಲಿ ಬರೆದಿರುವುದಿಲ್ಲ. ಪಂಪ್ ಆಪರೇಟರನ್ನು ಕೇಳಿ.

ಒಂದೊಂದೂ ಮಿತಿಯೊಳಗಿದೆ, ಹಾಗಾಗಿ ಎಲ್ಲ ಸರಿಯಿದೆ ಎನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರತಿಯೊಂದರ ಅಂಕಿಯನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿಸಿದರೆ 1 ದಾಟಬಾರದು. ಅವರ ಪಟ್ಟಿಯಲ್ಲಿ ಕ್ಲೋರೋಫಾರ್ಮಿಗೆ 0.3, ಉಳಿದವಕ್ಕೆ ನಮ್ಮ ಮಿತಿಯೇ. ಕ್ಲೋರೋಫಾರ್ಮ್ 0.16, ಬ್ರೋಮೋಡೈಕ್ಲೋರೋ 0.036, ಡೈಬ್ರೋಮೋಕ್ಲೋರೋ 0.008 ಇರುವ ನೀರನ್ನು ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಪಾಸು. ಕೂಡಿಸಿದರೆ 0.53, 0.60, 0.08 ಸೇರಿ 1.21. ನಪಾಸು.

ಹ್ಯಾಲೋಅಸಿಟಿಕ್ ಆಮ್ಲಗಳಿಗೆ ನಮ್ಮ ಮಾನದಂಡದಲ್ಲಿ ಮಿತಿಯಿಲ್ಲ. ಅಮೆರಿಕದಲ್ಲಿ ಐದು ಆಮ್ಲಗಳ ಮೊತ್ತಕ್ಕೆ 0.06, ನಾಲ್ಕು ಟಿಎಚ್‌ಎಂ ಮೊತ್ತಕ್ಕೆ 0.08 ಎಂದು ಮಿತಿ ಹಾಕಿದ್ದಾರೆ. ಮಿತಿಯಿಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ ನೋಡುವುದು ಒಳ್ಳೆಯದು. ಏಕೆಂದರೆ ನೀರಿನ ಪಿಎಚ್ ಏರಿದರೆ ಟಿಎಚ್‌ಎಂ ಏರುತ್ತದೆ, ಇಳಿದರೆ ಈ ಆಮ್ಲಗಳಲ್ಲಿ ಕೆಲವು ಏರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಎದ್ದೀತು.

ದಾರಿಯುದ್ದಕ್ಕೂ ಲೆಕ್ಕ

ಒಂದೇ ದಿನ ಐದು ಜಾಗದಲ್ಲಿ ಮಾದರಿ ತೆಗೆಯಿರಿ. ಖರ್ಚಾಗುತ್ತದೆ ನಿಜ, ಆದರೆ ತುದಿ ನಲ್ಲಿಯ ಹತ್ತು ವರದಿಗಿಂತ ಇದು ಮೇಲು. ನಮ್ಮಲ್ಲಿ ಸಿಕ್ಕ ಕ್ಲೋರೋಫಾರ್ಮ್ ಹೀಗಿತ್ತು:

ಕ್ಲಾರಿಫ್ಲಾಕ್ಯುಲೇಟರ್ (ಆಲಂ ಹಾಕಿ ಕೊಳೆ ತಳಕ್ಕೆ ಕೂರಿಸುವ ತೊಟ್ಟಿ) ಹೊರಹರಿವು 0.09
ಫಿಲ್ಟರ್ ಆದ ಮೇಲೆ 0.11
ಶುದ್ಧ ನೀರಿನ ಸಂಪು 0.13
ಓವರ್‌ಹೆಡ್ ಟ್ಯಾಂಕಿನ ಹೊರಹರಿವು 0.18
ತುದಿ ನಲ್ಲಿ 0.22

ಕಣ್ಣು ಹೋಗಬೇಕಾದದ್ದು ಎಷ್ಟಿದೆ ಎಂಬುದರ ಮೇಲಲ್ಲ, ಎಲ್ಲಿಂದ ಎಲ್ಲಿಗೆ ಎಷ್ಟು ಜಿಗಿಯಿತು ಎಂಬುದರ ಮೇಲೆ. ದೊಡ್ಡ ಜಿಗಿತ ಮೊದಲನೆಯದು, ಸೊನ್ನೆಯಿಂದ 0.09. ನೀರಿನ್ನೂ ಮರಳು ಕಂಡಿಲ್ಲ, ಆಗಲೇ ಒಟ್ಟು ಮೊತ್ತದ ಐದರಲ್ಲಿ ಎರಡು ಪಾಲು ಹುಟ್ಟಿಯಾಗಿದೆ. ಎರಡನೆಯದು ಓವರ್‌ಹೆಡ್ ಟ್ಯಾಂಕಿನಲ್ಲಿ, 0.05. ಉಳಿದವು ಅದಕ್ಕಿಂತ ಚಿಕ್ಕವು.

ಎಲ್ಲ ಊರಿಗೂ ಇಷ್ಟು ಪರೀಕ್ಷೆ ಕೈಗೆಟುಕುವುದಿಲ್ಲ. ಆಗ ಡಿಪಿಡಿ ಕಿಟ್ ಹಿಡಿದು ಇದೇ ಐದು ಜಾಗದಲ್ಲಿ ಕ್ಲೋರಿನ್ ಅಳೆಯಿರಿ. ಹಾಕಿದ್ದು ಎಷ್ಟು, ಉಳಿದದ್ದು ಎಷ್ಟು, ನಡುವೆ ಕಳೆದದ್ದು ಎಷ್ಟು. ಕಳೆದ ಕ್ಲೋರಿನ್ನೆಲ್ಲ ಟಿಎಚ್‌ಎಂ ಆಗುವುದಿಲ್ಲ. ಕಬ್ಬಿಣ, ಮ್ಯಾಂಗನೀಸ್, ಅಮೋನಿಯಾ ಕೂಡ ಅದನ್ನು ತಿನ್ನುತ್ತವೆ. ಆದರೂ ಎಲ್ಲಿ ಹುಡುಕಬೇಕು ಎಂಬ ದಿಕ್ಕು ಸಿಗುತ್ತದೆ. ಹಳದಿ ಬಣ್ಣ ತೋರಿಸುವ ಹಳೆಯ ಒಟಿ (ಆರ್ಥೋಟಾಲಿಡಿನ್) ದ್ರಾವಣ ಈ ಕೆಲಸಕ್ಕೆ ಬೇಡ. ಅಮೋನಿಯಾದೊಂದಿಗೆ ಕೂಡಿಕೊಂಡ ನಿಶ್ಶಕ್ತ ಕ್ಲೋರಿನ್ನಿಗೂ ಅದು ಹಳದಿಯಾಗಿ, ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ.

ಘಟಕದೊಳಗೆ: ಕ್ಲೋರಿನ್ ಎಲ್ಲಿ ಬೀಳುತ್ತಿದೆ

ನಮ್ಮ ಘಟಕದಲ್ಲಿ ಕೆರೆಯ ನೀರು ಒಳಬರುವ ಕಡೆಯೇ ಲೀಟರಿಗೆ 4 ಮಿಲಿಗ್ರಾಂ ಕ್ಲೋರಿನ್ ಬೀಳುತ್ತಿತ್ತು. ಯಾವಾಗಿನಿಂದ ಎಂದು ಕೇಳಿದೆ. ಯಾವುದೋ ಬೇಸಿಗೆಯಲ್ಲಿ ಪಾಚಿ ಫಿಲ್ಟರ್ ಕಟ್ಟಿಸಿದಾಗ ಶುರು ಮಾಡಿದ್ದು, ಆಮೇಲೆ ನಿಲ್ಲಿಸುವುದನ್ನು ಮರೆತದ್ದು. ತಾತ್ಕಾಲಿಕವಾಗಿ ಶುರುವಾದದ್ದಕ್ಕೆ ನಮ್ಮಲ್ಲಿ ಆಯಸ್ಸು ಹೆಚ್ಚು.

ಪಾಚಿ ತುಂಬಿದ ಹಸಿ ನೀರಿಗೆ ಕ್ಲೋರಿನ್ ಸುರಿಯುವುದೆಂದರೆ ಉಪೋತ್ಪನ್ನಕ್ಕೆ ಬೇಕಾದ ಎಲ್ಲ ಸಾಮಗ್ರಿಯನ್ನೂ ಒಂದೇ ಪಾತ್ರೆಗೆ ಹಾಕಿದಂತೆ. ಆಲಂ ಇನ್ನೂ ಸಾವಯವ ಪದಾರ್ಥವನ್ನು ಹಿಡಿದು ತಳಕ್ಕೆ ಕೂರಿಸಿಲ್ಲ. ಸಾಲದ್ದಕ್ಕೆ ಕ್ಲೋರಿನ್ ತಾಕಿ ಪಾಚಿಯ ಕೋಶ ಒಡೆದು ಒಳಗಿನದ್ದೂ ನೀರಿಗೆ ಬರುತ್ತದೆ. ಮಧ್ಯಾಹ್ನ ಪಾಚಿ ಬಿಸಿಲು ಕುಡಿದು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ಪಿಎಚ್ ಮೇಲೇರುತ್ತದೆ. ನಮ್ಮ ಕೆರೆಯಲ್ಲಿ ಬೆಳಿಗ್ಗೆ ಆರಕ್ಕೆ 7.9 ಇದ್ದದ್ದು ಮೂರು ಗಂಟೆಗೆ 8.9. ಆ ಪಿಎಚ್‌ನಲ್ಲಿ ಟಿಎಚ್‌ಎಂ ಬೇಗ ಹುಟ್ಟುತ್ತದೆ, ಆಲಂ ಕೆಲಸ ನಿಧಾನವಾಗುತ್ತದೆ, ಕ್ಲೋರಿನ್ನಿಗೆ ಕ್ರಿಮಿ ಕೊಲ್ಲುವ ಕಸುವೂ ತಗ್ಗುತ್ತದೆ. ಬೆಳಿಗ್ಗೆ ಒಂದು ಸಲ ಮಾತ್ರ ಪಿಎಚ್ ನೋಡುವ ಘಟಕಕ್ಕೆ ಇದು ಎಂದಿಗೂ ಗೊತ್ತಾಗುವುದಿಲ್ಲ.

ಮಾಡಿದ್ದು ಇಷ್ಟು. ಕ್ಲೋರಿನ್ ಬೀಳುವ ಜಾಗವನ್ನು ಫಿಲ್ಟರ್ ಆದ ಮೇಲಕ್ಕೆ ಸರಿಸಿದೆವು. ಹೀಗೆ ಸರಿಸುವ ಮೊದಲು ಒಂದು ಲೆಕ್ಕ ಮಾಡಲೇಬೇಕು: ನೀರು ಮೊದಲ ಮನೆಗೆ ಮುಟ್ಟುವ ಮುಂಚೆ ಕನಿಷ್ಠ 30 ನಿಮಿಷ ಕ್ಲೋರಿನ್ ಜೊತೆ ಇರಬೇಕು, ಪಿಎಚ್ 8ರೊಳಗಿರಬೇಕು, ಅಷ್ಟು ಹೊತ್ತಿನ ಮೇಲೂ 0.5 ಮಿಲಿಗ್ರಾಂ ಉಳಿದಿರಬೇಕು. ನಮ್ಮ ಸಂಪು ಎರಡು ಗಂಟೆ ನೀರು ಹಿಡಿದಿಡುವಷ್ಟು ದೊಡ್ಡದು, ಬಚಾವಾದೆವು. ಸಂಪು ಚಿಕ್ಕದಿದ್ದರೆ ಈ ಉಪಾಯ ಹಾಗೆಯೇ ಮಾಡಬೇಡಿ.

ಪಾಚಿಗೆ ಏನು? ಬೇಸಿಗೆಯ ಎರಡು ತಿಂಗಳು ಕ್ಲೋರಿನ್ ಬದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ವಲ್ಪವೇ ಹಾಕಿದೆವು. ಅಳತೆ ತಪ್ಪಿದರೆ ನೀರು ಗುಲಾಬಿಯಾಗಿ ಮನೆ ತಲುಪುತ್ತದೆ. ಆಮೇಲೆ ಯಾರಿಗೂ ರಸಾಯನಶಾಸ್ತ್ರ ವಿವರಿಸಿ ಗೆಲ್ಲಲಾಗದು. ಕೆರೆಯಿಂದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನ ಮೇಲಿನ ಗೇಟು ಮುಚ್ಚಿ ನಡುವಿನದ್ದು ತೆರೆದೆವು. ಹಸಿರೆಲ್ಲ ಮೇಲ್ಪದರದಲ್ಲಿರುತ್ತದೆ, ಕೊಳೆತದ್ದು ತಳದಲ್ಲಿ, ನಡುವೆ ಇರುವುದೇ ಇದ್ದುದರಲ್ಲಿ ವಾಸಿ. ಫಿಲ್ಟರಿನವರು ಮಾತ್ರ ನನ್ನನ್ನು ಶಪಿಸಿದರು. ನೀರನ್ನು ಉಲ್ಟಾ ಹಾಯಿಸಿ ಫಿಲ್ಟರ್ ತೊಳೆಯುವ, ದಿನಕ್ಕೊಮ್ಮೆ ಮಾಡುತ್ತಿದ್ದ ಬ್ಯಾಕ್‌ವಾಷ್ ಹದಿನಾಲ್ಕು ಗಂಟೆಗೊಮ್ಮೆಯಾಯಿತು. ಅದು ನ್ಯಾಯವಾದ ಸಿಟ್ಟು.

ಆಲಂ ಪ್ರಮಾಣವನ್ನೂ ಮರುಪರಿಶೀಲಿಸಿ. ಜಾರ್ ಟೆಸ್ಟ್ (ಆರು ಬೀಕರುಗಳಲ್ಲಿ ಬೇರೆಬೇರೆ ಪ್ರಮಾಣದ ಆಲಂ ಹಾಕಿ ನೋಡುವ ಪರೀಕ್ಷೆ) ಮಾಡುವವರು ಸಾಮಾನ್ಯವಾಗಿ ಕದಡು ಹೋಯಿತೇ ಎಂದಷ್ಟೇ ನೋಡುತ್ತಾರೆ. ಬೇಸಿಗೆಯ ಕೆರೆ ನೀರಿನಲ್ಲಿ ಕದಡು ಕಡಿಮೆಯೇ ಇರುತ್ತದೆ, 30 ಮಿಲಿಗ್ರಾಂ ಆಲಂಗೆ ನೀರು ಫಳಫಳ. ಕರಗಿದ ಸಾವಯವ ಪದಾರ್ಥ ಕಣ್ಣಿಗೆ ಕಾಣುವುದಿಲ್ಲ. ಅದೇ ಆರು ಬೀಕರುಗಳ ನೀರನ್ನು ಸೋಸಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 254 ನ್ಯಾನೋಮೀಟರ್ ಅತಿನೇರಳೆ ಬೆಳಕಿಗೆ ಹಿಡಿಯಿರಿ. ಸಾವಯವ ಪದಾರ್ಥ ಆ ಬೆಳಕನ್ನು ಹೀರುತ್ತದೆ. ನಮ್ಮಲ್ಲಿ ಹಸಿ ನೀರು 0.14 ತೋರಿಸುತ್ತಿತ್ತು, 30ಕ್ಕೆ 0.085, 50ಕ್ಕೆ 0.06, 70ಕ್ಕೆ 0.055. ಐವತ್ತರ ಆಚೆ ದುಡ್ಡು ದಂಡ ಎಂದು ಗೆರೆ ನೋಡಿದರೇ ತಿಳಿಯಿತು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಈ ಯಂತ್ರ ಇರುತ್ತದೆ. ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಟ್ಯಾಂಕಿನ ಮೇಲೆ ಹತ್ತಿ ನೋಡಿ

ಎರಡನೆಯ ಜಿಗಿತ ಓವರ್‌ಹೆಡ್ ಟ್ಯಾಂಕಿನದ್ದು. ಮೊದಲು ಅಂಗಡಿ ಲೆಕ್ಕ: ಟ್ಯಾಂಕ್ ಐದು ಲಕ್ಷ ಲೀಟರಿನದು. ದಿನಕ್ಕೆ ಅದರಿಂದ ಇಳಿಯುತ್ತಿದ್ದದ್ದು ಒಂದೂವರೆ ಲಕ್ಷ. ಅಂದರೆ ನೀರು ಸರಾಸರಿ ಮೂರು ದಿನಕ್ಕೂ ಹೆಚ್ಚು ಅಲ್ಲೇ ಕೂರುತ್ತದೆ. ಮುಂದೆ ಜನ ಹೆಚ್ಚುತ್ತಾರೆಂದು ದೊಡ್ಡದಾಗಿ ಕಟ್ಟಿದ್ದರು. ಹೆಚ್ಚಿದ ಜನಕ್ಕೆ ಬೇರೆ ಟ್ಯಾಂಕಿನಿಂದ ಕೊಳವೆ ಎಳೆದರು. ಒಳಬರುವ ಕೊಳವೆ ಮತ್ತು ಹೊರಹೋಗುವ ಕೊಳವೆ ತಳದಲ್ಲಿ ಒಂದೇ. ಹೊಸದಾಗಿ ಬಂದದ್ದು ಮೊದಲು ಹೊರಡುತ್ತದೆ, ಮೇಲಿನ ಹಳೆಯ ನೀರು ಕದಲುವುದಿಲ್ಲ. ಮೇಲ್ಛಾವಣಿಯ ಕಾವು, ಮೂರು ದಿನದ ವಿರಾಮ, ಉಳಿಕೆ ಕ್ಲೋರಿನ್: ಟಿಎಚ್‌ಎಂಗೆ ಇನ್ನೇನು ಬೇಕು?

ಮತ್ತೆ ಒಂದು ಬಾಟಲಿ ಪರೀಕ್ಷೆ, ಇದಕ್ಕೆ ದುಡ್ಡು ಬೇಕಿಲ್ಲ. ಟ್ಯಾಂಕಿಗೆ ಒಳಬರುವ ನೀರನ್ನು ಒಂದು ಬಣ್ಣದ ಗಾಜಿನ ಬಾಟಲಿಗೆ ಗಾಳಿಯಿಲ್ಲದಂತೆ ತುಂಬಿಸಿ, ಮುಚ್ಚಿ, ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಕತ್ತಲಲ್ಲಿ ಮೂರು ದಿನ ಇಡಿ. ಮೊದಲ ದಿನ ಕ್ಲೋರಿನ್ 1.1 ಇತ್ತು. ಮೂರು ದಿನಕ್ಕೆ ಬಾಟಲಿಯಲ್ಲಿ 0.5 ಉಳಿದಿತ್ತು. ಬೆಳಗಿನ ಬ್ಲೀಚಿಂಗ್ ಪುಡಿ ಹಾಕುವ ಮುಂಚೆ ಟ್ಯಾಂಕಿನ ಹೊರಹರಿವಿನಲ್ಲಿ ಇದ್ದದ್ದು 0.1. ನೀರೇ ತಿಂದ ಕ್ಲೋರಿನ್ ಬಾಟಲಿ ತೋರಿಸುತ್ತದೆ. ಮಿಕ್ಕ 0.4 ತಿಂದದ್ದು ಟ್ಯಾಂಕು.

ಏಣಿ ಹತ್ತಿದೆ. ಗೋಡೆಯ ಮೇಲೆ ಶುಚಿಗೊಳಿಸಿದ ದಿನಾಂಕ ಎಂದು ನೀಲಿ ಬಣ್ಣದಲ್ಲಿ ತಿಂಗಳ ಹಿಂದಿನ ತಾರೀಕು ಹೊಸದಾಗಿ ಹೊಳೆಯುತ್ತಿತ್ತು. ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆ. ಗೋಡೆಗೆ ಕಂದು ಲೋಳೆ. ನೀರು ಇಳಿಸಿದ ಮೇಲೆ ಕೋಲು ಊರಿ ನೋಡಿದರೆ ಗೇಣು ಹೂಳು. ಬಣ್ಣ ಬಳಿಯಲು ಟ್ಯಾಂಕಿನೊಳಗೆ ಇಳಿಯಬೇಕಿಲ್ಲವಲ್ಲ.

ಪರಿಹಾರ ಕಷ್ಟದ್ದೇನಲ್ಲ. ತಳದ ಸ್ಕೌರ್ ವಾಲ್ವ್ ತೆರೆದು ಹೂಳು ಹೊರಹಾಕಿ ತೊಳೆದೆವು. ತೊಳೆಯಲು ಇಳಿಯುವವರ ಜೊತೆ ಮೇಲೊಬ್ಬರು ಹಗ್ಗ ಹಿಡಿದು ನಿಂತಿರಲಿ, ಗಾಳಿಯಾಡದ ಟ್ಯಾಂಕಿನೊಳಗೆ ಒಬ್ಬರನ್ನೇ ಇಳಿಸಬೇಡಿ. ಆಮೇಲೆ ಟ್ಯಾಂಕನ್ನು ಎರಡು ಲಕ್ಷಕ್ಕಿಂತ ಮೇಲೆ ತುಂಬಿಸುವುದನ್ನು ನಿಲ್ಲಿಸಿದೆವು. ಆಗಾಗ ಸ್ವಲ್ಪಸ್ವಲ್ಪ ಏರಿಸುವ ಬದಲು ರಾತ್ರಿ ತಳಮಟ್ಟಕ್ಕೆ ಇಳಿಯಲು ಬಿಟ್ಟು ಒಂದೇ ಸಲ ರಭಸದಿಂದ ತುಂಬಿಸಿದರೆ ಒಳಗೆ ಚೆನ್ನಾಗಿ ಕಲಕುತ್ತದೆ. ನೀರಿನ ವಯಸ್ಸು ಮೂರು ದಿನದಿಂದ ಒಂದೂಕಾಲು ದಿನಕ್ಕೆ ಬಂತು.

ಎರಡು ಡಬ್ಬದ ಲೆಕ್ಕ

ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಕದಡಿ ಹಾಕುತ್ತಿದ್ದ ನೀರಗಂಟಿಯನ್ನು ಎಷ್ಟು ಹಾಕುತ್ತೀರಿ ಎಂದು ಕೇಳಿದೆ. "ಎರಡು ಡಬ್ಬ, ಸಾರ್. ಎಂಟು ವರ್ಷದಿಂದ ಎರಡೇ ಡಬ್ಬ." ತೂಗಿದರೆ ಎರಡು ಡಬ್ಬಕ್ಕೆ ಐದೂವರೆ ಕಿಲೋ. ಅವರ ಕೈ ಲೆಕ್ಕ ತಪ್ಪಿರಲಿಲ್ಲ, ಪುಡಿ ಬದಲಾಗಿತ್ತು.

ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33ರಷ್ಟು ಕ್ಲೋರಿನ್ ಸಿಗುತ್ತದೆ. ಬಾಯಿ ಬಿಚ್ಚಿದ ಚೀಲ ತಗಡಿನ ಶೆಡ್ಡಿನಲ್ಲಿ ಬಿಸಿಲು, ತೇವ ಉಂಡರೆ 18ಕ್ಕೆ ಇಳಿದೀತು, ಇನ್ನೂ ಕೆಳಗೂ ಹೋದೀತು. ಐದು ಲಕ್ಷ ಲೀಟರಿಗೆ 2 ಮಿಲಿಗ್ರಾಂನಂತೆ ಬೇಕಾದದ್ದು ಒಂದು ಕಿಲೋ ಕ್ಲೋರಿನ್. ಹೊಸ ಪುಡಿಯಾದರೆ ಮೂರು ಕಿಲೋ ಸಾಕು, ಹಳೆಯದಾದರೆ ಐದೂವರೆ ಬೇಕು. ಹಳೆಯ ಚೀಲಕ್ಕೆ ಹೊಂದಿಸಿಕೊಂಡ ಎರಡು ಡಬ್ಬವನ್ನು ಹೊಸ ಚೀಲ ಬಂದ ದಿನ ಹಾಕಿದರೆ 2ರ ಬದಲು 3.6 ಮಿಲಿಗ್ರಾಂ ಬೀಳುತ್ತದೆ. ಟ್ಯಾಂಕ್ ಪೂರ್ತಿ ತುಂಬಿಲ್ಲದಿದ್ದರೆ ಇನ್ನೂ ಹೆಚ್ಚು. ವರದಿಯಲ್ಲಿ ಕಾರಣವಿಲ್ಲದೆ ಒಂದು ವಾರ ಏರಿ ಮತ್ತೆ ಇಳಿದ ಅಂಕಿ ಕಂಡರೆ ದಾಸ್ತಾನು ಪುಸ್ತಕದಲ್ಲಿ ಹೊಸ ಚೀಲ ಬಂದ ತಾರೀಕು ನೋಡಿ. ಚೀಲಕ್ಕೊಮ್ಮೆ ಕ್ಲೋರಿನ್ ಶೇಕಡಾವಾರು ಪರೀಕ್ಷಿಸಿ, ಡಬ್ಬದ ಬದಲು ತಕ್ಕಡಿ ಕೊಡಿಸಿ.

ದ್ರವ ಹೈಪೋಕ್ಲೋರೈಟ್ ಬಳಸುವವರಿಗೆ ಬೇರೆ ತಲೆನೋವು: ಬಿಸಿಲಲ್ಲಿ ಇಟ್ಟಷ್ಟೂ ಅದರಲ್ಲಿ ಕ್ಲೋರೇಟ್ ಹುಟ್ಟುತ್ತದೆ. ನೆರಳಲ್ಲಿಡಿ, ಮೊದಲು ಬಂದ ಕ್ಯಾನನ್ನು ಮೊದಲು ಖಾಲಿ ಮಾಡಿ.

ಸರಿಯಾಯಿತೇ?

ಮರುದಿನವೇ ಮಾದರಿ ತೆಗೆದು ಗೆದ್ದೆವು ಎನ್ನಬೇಡಿ. ಕೊಳವೆ, ಟ್ಯಾಂಕುಗಳಲ್ಲಿನ ಹಳೆಯ ನೀರು ಹೋಗಿ ಹೊಸತು ಬರಬೇಕು. ನಾವು ಮೂರು ವಾರ ಕಾದು, ಅದೇ ಐದು ಜಾಗದಲ್ಲಿ, ಅದೇ ಹೊತ್ತಿಗೆ ತೆಗೆದೆವು. ಸಂಪಿನಲ್ಲಿ 0.05, ಟ್ಯಾಂಕಿನ ಹೊರಹರಿವಿನಲ್ಲಿ 0.08, ತುದಿ ನಲ್ಲಿಯಲ್ಲಿ 0.11. ಅದೇ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ 0.3. ದಿನಕ್ಕೆ ಹಾಕುವ ಒಟ್ಟು ಕ್ಲೋರಿನ್ ಮೊದಲಿಗಿಂತ ಕಡಿಮೆಯಾಗಿತ್ತು. ಫೋನ್ ಮಾಡಿದವರು ಅದೊಂದನ್ನೇ ಕೇಳಿ ಸಮಾಧಾನಪಟ್ಟರು. ಬೆಳೆಸಲು ಹೋಗಲಿಲ್ಲ.

ತುದಿ ನಲ್ಲಿಯಲ್ಲಿ ಹ್ಯಾಲೋಅಸಿಟಿಕ್ ಆಮ್ಲ ನಡುದಾರಿಗಿಂತ ಕಡಿಮೆ ಬಂದರೆ ಸಂತೋಷಪಡುವ ಮೊದಲು ಉಳಿಕೆ ಕ್ಲೋರಿನ್ ನೋಡಿ. ಕ್ಲೋರಿನ್ ಮುಗಿದ ಕೊಳವೆಯಲ್ಲಿ ಬ್ಯಾಕ್ಟೀರಿಯಾಗಳೇ ಆ ಆಮ್ಲವನ್ನು ತಿಂದುಬಿಡುತ್ತವೆ.

ಒಂದು ಅಂಕಿಯಿಂದ ವರ್ಷವನ್ನು ಅಳೆಯಲಾಗದು. ಅಮೆರಿಕದವರು 2006ರ ನಿಯಮದಂತೆ ಪ್ರತಿ ಜಾಗದ ನಾಲ್ಕು ತ್ರೈಮಾಸಿಕಗಳ ಸರಾಸರಿಯನ್ನು ಆ ಜಾಗಕ್ಕೇ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಊರಿಗೆಲ್ಲ ಒಂದೇ ಸರಾಸರಿ ತೆಗೆದರೆ ಘಟಕದ ಪಕ್ಕದ ಬೀದಿ ತುದಿ ಬಡಾವಣೆಯ ತಪ್ಪನ್ನು ಮುಚ್ಚಿಹಾಕುತ್ತದೆ. ನಾವೂ ಹಾಗೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಏಪ್ರಿಲ್ ಮತ್ತು ಮಳೆಯ ಮೊದಲ ಕೆಂಪು ನೀರು ಬರುವ ವಾರ, ಈ ಎರಡನ್ನು ಮಾತ್ರ ತಪ್ಪಿಸಬೇಡಿ.

ಈ ನಡುವೆ ಮನೆಯವರು ಏನು ಮಾಡಬೇಕೆಂದು ಕೇಳಿದರೆ: ಕುಡಿಯುವ ನೀರನ್ನು ತೆರೆದ ಪಾತ್ರೆಯಲ್ಲಿ ಕೆಲವು ನಿಮಿಷ ಕುದಿಸಿದರೆ ಕ್ಲೋರೋಫಾರ್ಮಿನ ಬಹುಪಾಲು ಹಾರಿಹೋಗುತ್ತದೆ. ಕಿಟಕಿ ತೆರೆದಿರಲಿ. ಕ್ಲೋರಿನ್ ವಾಸನೆ ಬಂದರೆ ಟಿಎಚ್‌ಎಂ ಇದೆ ಎಂದಲ್ಲ, ಬರದಿದ್ದರೆ ಇಲ್ಲ ಎಂದೂ ಅಲ್ಲ.

ಕ್ಲೋರಿನ್ ಬೀಳುವ ಜಾಗ, ಆಲಂ, ಟ್ಯಾಂಕಿನ ವಯಸ್ಸು, ಪುಡಿಯ ಬಲ ಎಲ್ಲವನ್ನೂ ನೋಡಿದ ಮೇಲೂ ಅಂಕಿ ಇಳಿಯದಿದ್ದರೆ ಮಾತ್ರ ಹರಳು ಇದ್ದಿಲಿನ ಫಿಲ್ಟರ್, ಟ್ಯಾಂಕಿನಲ್ಲಿ ಗಾಳಿ ಹಾಯಿಸುವುದು, ಕ್ಲೋರಮೈನ್ (ಕ್ಲೋರಿನ್ನಿಗೆ ಅಮೋನಿಯಾ ಕೂಡಿಸಿದ್ದು) ಇವುಗಳ ಮಾತು ತೆಗೆಯಿರಿ. ಗಾಳಿ ಹಾಯಿಸಿದರೆ ಕ್ಲೋರೋಫಾರ್ಮ್ ಹೋಗುತ್ತದೆ, ಬ್ರೋಮೋಫಾರ್ಮ್ ಅಷ್ಟು ಸುಲಭಕ್ಕೆ ಹೋಗದು, ಹ್ಯಾಲೋಅಸಿಟಿಕ್ ಆಮ್ಲ ಹೋಗುವುದೇ ಇಲ್ಲ. ಕ್ಲೋರಮೈನ್ ಟಿಎಚ್‌ಎಂ ತಗ್ಗಿಸುತ್ತದೆ ನಿಜ, ಆದರೆ ಬೇರೆಯದೇ ಉಪೋತ್ಪನ್ನ ತರುತ್ತದೆ, ಅಳತೆ ತಪ್ಪಿದರೆ ಕೊಳವೆಯಲ್ಲಿ ನೈಟ್ರೈಟ್ ಕಾಟವೂ ಶುರುವಾಗುತ್ತದೆ. ತಕ್ಕಡಿಯೇ ಇಲ್ಲದ ಶೆಡ್ಡಿಗೆ ಅದನ್ನು ತರುವುದು ಬೇಡ. ಅದಕ್ಕೆ ಮುಂಚೆ ಕೆರೆಯ ಹಸಿ ನೀರನ್ನು ಬ್ರೋಮೈಡ್ ಮತ್ತು ಒಟ್ಟು ಸಾವಯವ ಇಂಗಾಲದ ಪರೀಕ್ಷೆಗೆ ಒಂದು ಸಲ ಕಳಿಸಿ. ಈ ಮಾದರಿಯ ಬಾಟಲಿಯನ್ನೂ ತೊಳೆಯುವ ಮೊದಲು ಪ್ರಯೋಗಾಲಯದವರನ್ನು ಕೇಳಿ.